ತಿಂಗಳ ನೋವು ಮತ್ತು ಸಾಗರ–ತೀರ್ಥಹಳ್ಳಿ ಬಸ್ಸು

ನಾನು ಬಸ್ ಕಂಡಕ್ಟರ್. ಸಾಗರದಿಂದ ಹೊರಟು ಬಟ್ಟೆಮಲ್ಲಪ್ಪ, ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗಿ ಅದೇ ದಾರಿಯಲ್ಲಿ ಹಿಂದಿರುಗುವ ಸರ್ಕಾರಿ ಬಸ್ಸಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಈ ದಾರಿಯಲ್ಲಿ ಒಟ್ಟು ಎಷ್ಟು ತಿರುವುಗಳಿವೆ ಎಂದು ಕೇಳಿದರೆ ಹೇಳಲಾರೆ. ಆದರೆ ಯಾವ ತಿರುವಿನಲ್ಲಿ ಕಂಬಿಯನ್ನು ಯಾವ ಕೈಯಲ್ಲಿ ಹಿಡಿಯಬೇಕು, ಎಲ್ಲಿ ಹೊಟ್ಟೆಯನ್ನು ಸೀಟಿನ ಬೆನ್ನಿಗೆ ಒತ್ತಿಕೊಂಡು ನಿಂತರೆ ಸ್ವಲ್ಪ ಹಗುರವಾಗುತ್ತದೆ ಎಂಬುದನ್ನು ಮಾತ್ರ ಕಣ್ಣು ಮುಚ್ಚಿ ಹೇಳಬಲ್ಲೆ. ತಿಂಗಳಲ್ಲಿ ಮೂರು ನಾಲ್ಕು ದಿನ ನಾನು ಕೆಲಸ ಮಾಡುತ್ತಿದ್ದದ್ದೇ ಹಾಗೆ.

ನೋವು ಶುರುವಾಗಿದ್ದು ಒಂಬತ್ತನೇ ಕ್ಲಾಸಿನಲ್ಲಿದ್ದಾಗ. ಆನಂದಪುರದ ಹತ್ತಿರ ನಮ್ಮೂರು. ಮೊದಲ ದಿನವೇ ಹೊಕ್ಕುಳಿನ ಕೆಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ಆಗುತ್ತಿತ್ತು. ಹಿಂಡಿ ಬಿಡುವುದು, ಮತ್ತೆ ಹಿಂಡುವುದು. ಸೊಂಟದಿಂದ ತೊಡೆಯವರೆಗೂ ಜಗ್ಗುತ್ತಿತ್ತು. ಶಾಲೆಯಿಂದ ಬಂದವಳೇ ಚಾಪೆಯ ಮೇಲೆ ಮುದುಡಿ ಮಲಗುತ್ತಿದ್ದೆ. ಅಮ್ಮ ಏನೂ ಕೇಳುತ್ತಿರಲಿಲ್ಲ. ಕಬ್ಬಿಣದ ಬಾಣಲೆಯಲ್ಲಿ ಹರಳುಪ್ಪು ಹಾಕಿ, ಅದು ಚಟಪಟ ಎನ್ನುವವರೆಗೆ ಹುರಿದು, ಅಪ್ಪನ ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ತರುತ್ತಿದ್ದಳು. ಮೊದಲು ತನ್ನ ಕೆನ್ನೆಗೆ ಮುಟ್ಟಿಸಿ ಬಿಸಿ ನೋಡುವಳು. ಆಮೇಲೆ ನನ್ನ ಹೊಟ್ಟೆಗೆ. ಒಂದು ಗಂಟು ಆರುವ ಹೊತ್ತಿಗೆ ಇನ್ನೊಂದು ಸಿದ್ಧವಾಗಿರುತ್ತಿತ್ತು. ಜೀರಿಗೆ, ಶುಂಠಿ, ಬೆಲ್ಲ ಹಾಕಿದ ಕಷಾಯ ಕುಡಿಸುವಳು. ಕೆಲವೊಮ್ಮೆ ಉಗುರುಬೆಚ್ಚಗಿನ ಹರಳೆಣ್ಣೆಯನ್ನು ಹೊಟ್ಟೆಗೆ ಸವರುವಳು.

ಅದರಿಂದ ನೋವು ಹೋಗುತ್ತಿತ್ತೇ ಎಂದರೆ, ಇಲ್ಲ. ಆದರೆ ಬಿಸಿ ಇರುವಷ್ಟು ಹೊತ್ತು ಉಸಿರಾಡಲು ಆಗುತ್ತಿತ್ತು. ನಿದ್ದೆ ಹತ್ತುತ್ತಿತ್ತು.

"ಮದುವೆ ಆದ್ಮೇಲೆ ಸರಿ ಹೋಗ್ತದೆ ಮಗಾ," ಎನ್ನುತ್ತಿದ್ದಳು ಅಮ್ಮ. ಮದುವೆಯಾಯಿತು. "ಒಂದು ಹೆರಿಗೆ ಆಗ್ಲಿ, ಆಮೇಲೆ ನೋಡು," ಎಂದಳು. ಮಗಳು ಹುಟ್ಟಿದಳು. ಒಂದೂವರೆ ವರ್ಷ ನಿಜಕ್ಕೂ ಹಗುರವಾಗಿತ್ತು. ಅಮ್ಮನ ಮಾತು ಫಲಿಸಿತು ಎಂದುಕೊಂಡೆ. ಮಗಳು ನಡೆಯಲು ಕಲಿತ ಮೇಲೆ ನೋವೂ ಎದ್ದು ಬಂತು, ಮೊದಲಿಗಿಂತ ಜೋರಾಗಿ. ಅಮ್ಮನ ಹತ್ತಿರ ಆಮೇಲೆ ಹೇಳಲು ಏನೂ ಉಳಿದಿರಲಿಲ್ಲ.

ಕಂಡಕ್ಟರ್ ಕೆಲಸಕ್ಕೆ ಸೇರಿದ್ದು ಆ ಹೊತ್ತಿನಲ್ಲೇ. ನನ್ನ ಗಂಡ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಮಳೆಗಾಲ ಬಂದರೆ ಅವರು ಯಾವ ಕಂಬದ ಮೇಲಿರುತ್ತಾರೋ ಗೊತ್ತಿರುತ್ತಿರಲಿಲ್ಲ. ನಾನು ಯಾವ ಊರಿನಲ್ಲಿದ್ದೇನೆಂದು ಅವರಿಗೂ ಗೊತ್ತಿರುತ್ತಿರಲಿಲ್ಲ. ನೋವು ಎಂದರೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದುಕೊಡುತ್ತಿದ್ದರು. ನಾನು ಅದನ್ನು ತಡೆಯಲಾರದಂತಾದಾಗ ನುಂಗುತ್ತಿದ್ದೆ, ಬಹಳ ಸಲ ಖಾಲಿ ಹೊಟ್ಟೆಯಲ್ಲಿ. ಹೊಟ್ಟೆ ಉರಿಯುತ್ತಿತ್ತು. ನೋವು ತನಗೆ ಬೇಕಾದಾಗ ಇಳಿಯುತ್ತಿತ್ತು.

ನನಗೆ ಸಿಕ್ಕ ಡ್ರೈವರ್ ಐವತ್ತು ದಾಟಿದವರು, ಹೊಸನಗರದ ಕಡೆಯವರು. ಮಾತು ಕಡಿಮೆ. ಒಂದು ಬೆಳಿಗ್ಗೆ, ಮೊದಲ ದಿನದ ನೋವಿನಲ್ಲಿ, ಟಿಕೆಟ್ ಕೊಟ್ಟು ಮುಗಿಸಿ ಮುಂದೆ ಬಂದವಳಿಗೆ ನಿಲ್ಲಲಾಗಲಿಲ್ಲ. ಡ್ರೈವರ್ ಪಕ್ಕದ ಎಂಜಿನ್ ಡಬ್ಬದ ಮೇಲೆ ಕೂತುಬಿಟ್ಟೆ. ಅದರ ಮೇಲೆ ಹಾಸಿದ್ದ ರೆಕ್ಸಿನ್ ಕೆಳಗಿನಿಂದ ಶಾಖ ಏರಿ ಬರುತ್ತಿತ್ತು. ಬೇರೆ ದಿನ ಆ ಬಿಸಿಗೆ ಯಾರೂ ಅಲ್ಲಿ ಕೂರುವುದಿಲ್ಲ. ನನಗೆ ಅಮ್ಮನ ಉಪ್ಪಿನ ಗಂಟು ನೆನಪಾಯಿತು. ಬೆನ್ನು ಬಗ್ಗಿಸಿ, ಟಿಕೆಟ್ ಮಿಷನ್ ಮಡಿಲಲ್ಲಿಟ್ಟುಕೊಂಡು ಹೊಸನಗರದವರೆಗೂ ಹಾಗೇ ಕೂತಿದ್ದೆ.

"ಎಂತ ಆಯ್ತು ತಂಗಿ? ಹುಷಾರಿಲ್ವಾ?"

"ಏನಿಲ್ಲ ಅಣ್ಣಾ. ಹೊಟ್ಟೆನೋವು."

ಅವರು ಮತ್ತೆ ಕೇಳಲಿಲ್ಲ. ಮುಂದಿನ ತಿಂಗಳೂ ಅಲ್ಲೇ ಕೂತೆ. ಅದರ ಮುಂದಿನ ತಿಂಗಳೂ. ಮೂರನೇ ಸಲ ಹೊಸನಗರ ಸ್ಟ್ಯಾಂಡಿನಲ್ಲಿ ಬಸ್ ನಿಲ್ಲಿಸಿ ಇಳಿದು ಹೋದವರು ಹೋಟೆಲಿನಿಂದ ಒಂದು ಸ್ಟೀಲ್ ಬಾಟಲಿ ತುಂಬ ಬಿಸಿನೀರು ತಂದರು. ಅದನ್ನು ಟವೆಲಿನಲ್ಲಿ ಸುತ್ತಿ, ನನ್ನ ಮುಖ ನೋಡದೆ ಸೀಟಿನ ಮೇಲಿಟ್ಟರು.

"ಎಂಜಿನ್ ಮೇಲೆ ಕೂತ್ರೆ ಬ್ರೇಕ್ ಹಾಕ್ದಾಗ ಗಾಜಿಗೆ ಹೋಗಿ ಬೀಳ್ತಿ. ಇದನ್ನ ಇಟ್ಕ. ನಂಗೂ ಮೂರು ಹೆಣ್ಮಕ್ಳು."

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಆ ದಿನವೆಲ್ಲ ಅವರ ಕಡೆ ನೋಡಲಿಲ್ಲ. ಸಾಗರ ತಲುಪಿ ಇಳಿಯುವಾಗ ಬಾಟಲಿ ವಾಪಸ್ಸು ಕೊಡಲು ಹೋದೆ. "ಅದು ಬಸ್ಸಲ್ಲೇ ಇರ್ಲಿ," ಎಂದರು. ನಾಚಿಕೆ ಹೋಗಲು ಆರು ತಿಂಗಳು ಬೇಕಾಯಿತು. ಆಮೇಲೆ ನಾನೇ ಹೇಳತೊಡಗಿದೆ: "ಅಣ್ಣಾ, ಇವತ್ತು ಬಿಸಿನೀರು ಬೇಕು." ಅವರು "ಹ್ಞೂಂ" ಎನ್ನುತ್ತಿದ್ದರು. ಅಷ್ಟೇ. ಆ ದಿನಗಳಲ್ಲಿ ಗುಂಡಿ ಇರುವಲ್ಲಿ ಬಸ್ಸು ಎತ್ತಿನಗಾಡಿಗಿಂತ ನಿಧಾನವಾಗಿ ಹೋಗುತ್ತಿತ್ತು.

ಹೀಗೆ ವರ್ಷಗಳು ಹೋದವು. ನೋವು ಮಾತ್ರ ತನ್ನ ಗಡಿ ದಾಟತೊಡಗಿತು. ಮೊದಲು ಮುಟ್ಟಿನ ಮೂರು ನಾಲ್ಕು ದಿನ ಇದ್ದದ್ದು ಬರುಬರುತ್ತ ಒಂದು ವಾರ ಮೊದಲೇ ಕಾಣಿಸಿಕೊಳ್ಳುತ್ತಿತ್ತು. ಕಕ್ಕಸಿಗೆ ಕೂತರೆ ಒಳಗೆ ಚೂರಿ ಆಡಿಸಿದ ಹಾಗೆ. ಗಂಡನ ಜೊತೆ ಮಲಗಲು ಭಯ. ಯಾರಿಗೆ ಹೇಳುವುದು? ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲೆ ಬಸ್ಸು ತುಂಬ ಹೆಂಗಸರೇ. ಅವರಲ್ಲಿ ಎಷ್ಟು ಜನ ನನ್ನಂತೆಯೇ ಹೊಟ್ಟೆಗೆ ಚೀಲ ಒತ್ತಿಕೊಂಡು ನಿಂತಿದ್ದರೋ. ಅವರೂ ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ.

ಮೂರು ವರ್ಷದ ಹಿಂದೆ, ಶ್ರಾವಣದ ಒಂದು ಸೋಮವಾರ, ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿಂದಿನ ದಿನ ಸಿಗಂದೂರು ದೇವಿಯ ದರ್ಶನಕ್ಕೆ ಹೋಗಿ ಬಂದವರ ಒಂದು ಗುಂಪು ಸಾಗರದಲ್ಲಿ ಹತ್ತಿತ್ತು. ಕಾಲೇಜಿನ ಹುಡುಗಿಯರು ಬೇರೆ. ನನಗೆ ಎರಡನೇ ದಿನ. ಬೆಳಿಗ್ಗೆ ಚಹಾ ಬಿಟ್ಟು ಏನನ್ನೂ ತಿಂದಿರಲಿಲ್ಲ. ಬಟ್ಟೆಮಲ್ಲಪ್ಪ ದಾಟಿದ ಮೇಲೆ ಹಿಂದಿನ ಸೀಟಿನವರಿಗೆ ಟಿಕೆಟ್ ಕೊಡಲು ನುಗ್ಗಿ ಹೋಗುತ್ತಿದ್ದೆ. ಕಣ್ಣಿನ ಮುಂದೆ ಮೊದಲು ಹಳದಿ ಚುಕ್ಕೆಗಳು ಬಂದವು. ಆಮೇಲೆ ಜನರ ಮಾತೆಲ್ಲ ಬಾವಿಯೊಳಗಿನಿಂದ ಕೇಳಿದ ಹಾಗೆ ಆಯಿತು. ಕಂಬಿ ಹಿಡಿದದ್ದು ನೆನಪಿದೆ, ಬಿದ್ದದ್ದು ನೆನಪಿಲ್ಲ.

ಎಚ್ಚರವಾದಾಗ ಹಿಂದಿನ ಉದ್ದ ಸೀಟಿನ ಮೇಲೆ ಮಲಗಿದ್ದೆ. ಕಾಲುಗಳ ಕೆಳಗೆ ಯಾರದೋ ಅಕ್ಕಿಚೀಲ ಇಟ್ಟು ಎತ್ತರ ಮಾಡಿದ್ದರು. ಬಸ್ಸು ನಿಂತಿತ್ತು. ಬಿಳಿ ಕೂದಲಿನ ಒಬ್ಬ ಹೆಂಗಸು ನನ್ನ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದವರು ಎಂದು ಆಮೇಲೆ ತಿಳಿಯಿತು. ಸಿಗಂದೂರಿನ ಗುಂಪಿನ ಜೊತೆಯಲ್ಲೇ ಬಂದಿದ್ದರು, ಹಣೆಯಲ್ಲಿ ಪ್ರಸಾದದ ಕುಂಕುಮವಿತ್ತು.

ಮುಂದಿನಿಂದ ಒಬ್ಬ ಗಂಡಸಿನ ದನಿ ಕೇಳಿತು. "ಎಷ್ಟೊತ್ತು ನಿಲ್ಸೋದು ಮಾರಾಯ್ರೆ? ನಂಗೆ ಹತ್ತೂವರೆಗೆ ತಾಲೂಕಾಫೀಸಲ್ಲಿ ಇರ್ಬೇಕು."

ಡ್ರೈವರಣ್ಣ ಎಂಜಿನ್ ಆಫ್ ಮಾಡಿದರು. "ಕಂಪ್ಲೇಂಟ್ ಪುಸ್ತಕ ಇಲ್ಲೇ ಅದೆ. ನನ್ ಹೆಸ್ರಲ್ಲೇ ಬರೀರಿ. ಅವ್ಳು ಎದ್ದು ಕೂರೋ ತನಕ ಬಸ್ ಹೋಗಲ್ಲ."

ಆತ ಬರೆಯಲಿಲ್ಲ.

ನರ್ಸಮ್ಮ ನನಗೆ ಒಂದು ಬಾಳೆಹಣ್ಣು ತಿನ್ನಿಸಿ, ಯಾರದೋ ಬಾಟಲಿಯ ನೀರಿಗೆ ಸಕ್ಕರೆ, ಉಪ್ಪು ಬೆರೆಸಿ ಕುಡಿಸಿದರು. ಬಸ್ಸು ಹೊರಟ ಮೇಲೆ ನನ್ನ ಪಕ್ಕದಲ್ಲೇ ಕೂತು, ಬೇರೆಯವರಿಗೆ ಕೇಳದ ಹಾಗೆ ಒಂದೊಂದಾಗಿ ಪ್ರಶ್ನೆ ಹಾಕಿದರು. ಎಷ್ಟು ವರ್ಷದಿಂದ? ರಕ್ತ ಎಷ್ಟು ಹೋಗುತ್ತದೆ? ಮುಟ್ಟಿಲ್ಲದ ದಿನಗಳಲ್ಲೂ ನೋವಿದೆಯೇ? ಕಕ್ಕಸಿಗೆ ಹೋಗುವಾಗ? ಗಂಡನ ಜೊತೆ? ಇಪ್ಪತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆಗಳು. ನಾನು ಒಂದೊಂದಕ್ಕೂ ಉತ್ತರಿಸುತ್ತ ಹೋದೆ, ಕೊನೆಯ ಮೂರಕ್ಕೂ ಹೌದು ಎಂದೇ. ಯಾಕೋ ಅಳು ಬಂತು.

"ಮಾತ್ರೆ ಯಾವಾಗ ತಗೊಳ್ತೀಯ?"

"ತಡ್ಕೊಳ್ಳೋಕಾಗ್ದಾಗ."

"ಅಲ್ಲೇ ತಪ್ಪು. ಬೆಂಕಿ ಸೂರಿಗೆ ಹತ್ತಿದ ಮೇಲೆ ಒಂದು ಕೊಡ ನೀರು ಹಾಕಿದ್ರೆ ಎಂತ ಆಗ್ತದೆ? ನೋವು ಶುರು ಆಗ್ತಿದ್ದ ಹಾಗೇ ತಗೋಬೇಕು. ಹೊಟ್ಟೆಗೆ ಏನಾದ್ರೂ ತಿಂದೇ ತಗೋಬೇಕು. ಡಾಕ್ಟ್ರು ಹೇಳಿದಷ್ಟೇ, ಹೇಳಿದಷ್ಟು ದಿನ. ಬಿಸಿ ಶಾಖ ಕೊಡೋದು ಬಿಡಬೇಡ, ಅದು ಒಳ್ಳೇದೇ." ನೀರಿನ ಬಾಟಲಿಯ ಮುಚ್ಚಳ ಬಿಗಿಸುತ್ತ ಅವರು ಮುಂದುವರಿಸಿದರು. "ಆದ್ರೆ ನಿಂದು ಬರೀ ಮಾತ್ರೆ, ಶಾಖಕ್ಕೆ ಬಗ್ಗೋದಲ್ಲ ಅನ್ನಿಸ್ತದೆ. ಒಂದು ಸ್ಕ್ಯಾನ್ ಮಾಡಿಸ್ಬೇಕು."

"ಎಲ್ಲಾರಿಗೂ ಆಗೋದೇ ಅಲ್ವಾ ಸಿಸ್ಟರ್?"

"ಎಲ್ಲಾರಿಗೂ ನೋವು ಬರ್ತದೆ. ಎಲ್ಲಾರೂ ಬಸ್ಸಲ್ಲಿ ಬೀಳಲ್ಲ."

ತೀರ್ಥಹಳ್ಳಿಯಲ್ಲಿ ಇಳಿಯುವಾಗ ಟಿಕೆಟ್ಟಿನ ಹಿಂಬದಿಯಲ್ಲಿ ಅಲ್ಲಿನ ಒಬ್ಬ ಲೇಡಿ ಡಾಕ್ಟರ ಹೆಸರು ಬರೆದುಕೊಟ್ಟರು. ನಾನು ಅದನ್ನು ಪರ್ಸಿನಲ್ಲಿಟ್ಟೆ. ಎರಡು ತಿಂಗಳು ಅದು ಅಲ್ಲೇ ಇತ್ತು. ರಜೆ ಸಿಗಲಿಲ್ಲ ಎನ್ನುವುದು ಒಂದು ನೆಪ. ನಿಜ ಹೇಳಬೇಕೆಂದರೆ ಹೆದರಿದ್ದೆ. ಏನಾದರೂ ದೊಡ್ಡದು ಎಂದುಬಿಟ್ಟರೆ? ಏನೂ ಇಲ್ಲ ಎಂದರೆ ಅದು ಇನ್ನೂ ಕಷ್ಟ. ಏನೂ ಇಲ್ಲದೆಯೂ ಇಷ್ಟು ನೋವಾಗುವ ಮೈ ಇಟ್ಟುಕೊಂಡು ಬದುಕುವುದು ಹೇಗೆ?

ಕೊನೆಗೆ ಕರೆದೊಯ್ದದ್ದು ಗಂಡ. ಡ್ರೈವರಣ್ಣ ಸಾಗರದ ಪೇಟೆಯಲ್ಲಿ ಸಿಕ್ಕವರು, ನಾನು ಬಸ್ಸಿನಲ್ಲಿ ಬಿದ್ದ ವಿಷಯ ಇವರಿಗೆ ಹೇಳಿಬಿಟ್ಟಿದ್ದರು. ಆ ಸಂಜೆ ಇವರು ಮನೆಗೆ ಬಂದವರು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು.

"ಬಿದ್ಯಂತೆ. ನಂಗೆ ಹೇಳ್ಬಾರ್ದಾ?"

"ನೋವು ಅಂತ ಹೇಳ್ತಾನೇ ಇದ್ನಲ್ಲ. ನೀವು ಮಾತ್ರೆ ತಂದ್ಕೊಡ್ತಿದ್ರಿ."

ಜಗಳ ಆಡಲೆಂದು ಹೇಳಿದ್ದಲ್ಲ. ಆದರೆ ಅವರ ಮುಖ ಸಣ್ಣದಾಯಿತು. ಆ ರಾತ್ರಿ ಊಟ ಮಾಡುವಾಗ, "ಶನಿವಾರ ಇಬ್ರೂ ರಜಾ ಹಾಕಣ," ಎಂದರು.

ಡಾಕ್ಟರು ನನಗಿಂತ ಚಿಕ್ಕವರಿರಬೇಕು. ಸ್ಕ್ಯಾನ್ ಮಾಡುತ್ತಾ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಎಡಗಡೆಯ ಅಂಡಾಶಯದಲ್ಲಿ ನಿಂಬೆಹಣ್ಣಿನಷ್ಟು ಒಂದು ಗಡ್ಡೆ.

"ಗರ್ಭಕೋಶದ ಒಳಗೆ ಒಂದು ಪದರ ಇರ್ತದೆ ನೋಡಿ, ತಿಂಗಳಿಗೊಮ್ಮೆ ಕಳಚಿ ಹೋಗೋದು ಅದೇ. ಕೆಲವರಿಗೆ ಅಂಥದೇ ಪದರ ಗರ್ಭಕೋಶದ ಹೊರಗೂ ಬೆಳೀತದೆ. ಅದೂ ತಿಂಗಳಿಗೊಮ್ಮೆ ರಕ್ತ ಬಿಡ್ತದೆ. ಆದ್ರೆ ಆ ರಕ್ತಕ್ಕೆ ಆಚೆ ಬರೋಕೆ ದಾರಿ ಇಲ್ಲ. ಒಳಗೇ ಉಳಿದು ಉರಿ ಎಬ್ಬಿಸ್ತದೆ. ಎಂಡೊಮೆಟ್ರಿಯೋಸಿಸ್ ಅಂತಾರೆ. ಈ ಗಡ್ಡೆಗೆ ಚಾಕೊಲೇಟ್ ಸಿಸ್ಟ್ ಅಂತ ಹೆಸರು, ಒಳಗಿನ ಹಳೇ ರಕ್ತ ಹಾಗೆ ಕಾಣ್ತದೆ ಅಂತ."

ನಾನು ನಕ್ಕುಬಿಟ್ಟೆ. ಇಪ್ಪತ್ತು ವರ್ಷ ನನ್ನನ್ನು ಹಿಂಡಿದ್ದಕ್ಕೆ ಚಾಕೊಲೇಟ್ ಎಂದು ಹೆಸರು! ಡಾಕ್ಟರೂ ನಕ್ಕರು. ಗಂಡ ಮಾತ್ರ ನಗಲಿಲ್ಲ. "ಇವ್ಳು ನಾಟಕ ಮಾಡ್ತಿಲ್ಲ ಅಂತ ನಂಗೆ ಗೊತ್ತಿತ್ತು ಡಾಕ್ಟ್ರೇ," ಎಂದರು, ಯಾರೂ ಕೇಳದಿದ್ದರೂ. "ಇಷ್ಟಿದೆ ಅಂತ ಗೊತ್ತಿರ್ಲಿಲ್ಲ."

ಆಪರೇಷನ್ ಈಗಲೇ ಬೇಡ, ದಿನಕ್ಕೊಂದು ಹಾರ್ಮೋನ್ ಮಾತ್ರೆ ತೆಗೆದುಕೊಂಡು ನೋಡೋಣ ಎಂದರು ಡಾಕ್ಟರು. ಪೂರ್ತಿ ಗುಣವಾಗುತ್ತದೆ ಎಂದು ಅವರು ಹೇಳಲಿಲ್ಲ, ಹಿಡಿತಕ್ಕೆ ಬರುತ್ತದೆ ಎಂದರು. ಮೊದಲ ಮೂರು ತಿಂಗಳು ನನಗೆ ಆ ಮಾತ್ರೆ ಆಗಿಬರಲಿಲ್ಲ. ಯಾವಾಗೆಂದರೆ ಆವಾಗ ಸ್ವಲ್ಪ ಸ್ವಲ್ಪ ರಕ್ತ ಕಾಣುತ್ತಿತ್ತು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಚಿಲ್ಲರೆ ಇಲ್ಲ ಎಂದ ಒಬ್ಬ ಮುದುಕನಿಗೆ ಬೈದು, ಅವನು ಇಳಿದು ಹೋದ ಮೇಲೆ ಬಹಳ ಹೊತ್ತು ಬೇಜಾರು ಮಾಡಿಕೊಂಡಿದ್ದೆ. ಬಿಟ್ಟುಬಿಡುತ್ತೇನೆ ಎಂದು ಹೋದಾಗ ಡಾಕ್ಟರು ಬೇರೆ ಮಾತ್ರೆಗೆ ಬದಲಿಸಿದರು. ಅದು ಹಿಡಿಸಿತು. ನೋವು ಅರ್ಧಕ್ಕಿಂತ ಕೆಳಗಿಳಿಯಿತು. ಗಡ್ಡೆ ಬೆಳೆಯುವುದು ನಿಂತಿತು. ಡ್ಯೂಟಿ ಇಲ್ಲದ ದಿನ ಬೆಳಿಗ್ಗೆ ಅರ್ಧ ಗಂಟೆ ಬಿರುಸಾಗಿ ನಡೆಯುತ್ತೇನೆ. ಮೊದಲು ನಡಿಗೆಯಿಂದ ಏನಾಗುತ್ತದೆ ಎಂದುಕೊಂಡಿದ್ದೆ, ಆದರೆ ಸೊಂಟದ ಬಿಗಿತ ಸಡಿಲವಾಗುವುದು ತಿಳಿಯುತ್ತದೆ.

ಡಿಪೋದಲ್ಲಿ ನಾವು ಕೆಲವೇ ಹೆಂಗಸರು. ಒಂದು ಮಧ್ಯಾಹ್ನ ವಿಶ್ರಾಂತಿ ಕೋಣೆಯಲ್ಲಿ ನನ್ನ ಸ್ಕ್ಯಾನಿನ ಕತೆ ಹೇಳಿದೆ. ಮೂಲೆಯಲ್ಲಿ ಊಟ ಮಾಡುತ್ತಿದ್ದ ಹೊಸ ಹುಡುಗಿ, ಆಗಷ್ಟೇ ಕೆಲಸಕ್ಕೆ ಸೇರಿದವಳು, ಡಬ್ಬಿ ಮುಚ್ಚಿಟ್ಟು ಕೇಳಿದಳು: "ಅಕ್ಕಾ, ವಾಂತಿ ಆಗೋ ಅಷ್ಟು ನೋವು ಬಂದ್ರೆ ಅದೂ ಇದೇನಾ?"

"ಅದೇ ಅಂತ ನಾನ್ಹೆಂಗೆ ಹೇಳ್ಲಿ? ತೋರ್ಸು. ನನ್ ಹಂಗೆ ಇಪ್ಪತ್ತು ವರ್ಷ ಕೂರ್ಬೇಡ."

ಅವಳು ತೋರಿಸಿಕೊಂಡಳು. ಅವಳಿಗೆ ಗಡ್ಡೆ ಏನೂ ಇರಲಿಲ್ಲ. ಸರಿಯಾದ ಹೊತ್ತಿಗೆ ಸರಿಯಾದ ಮಾತ್ರೆ, ಅಷ್ಟರಲ್ಲೇ ಅವಳ ತಿಂಗಳುಗಳು ಸುಧಾರಿಸಿದವು. ಆ ಕೋಣೆಗೆ ಈಗ ನಾವೇ ನೀರು ಕಾಯಿಸುವ ಕರೆಂಟ್ ಕೆಟಲ್ ಮತ್ತು ಎರಡು ರಬ್ಬರ್ ಚೀಲ ತಂದಿಟ್ಟಿದ್ದೇವೆ. ಗಂಡಸರು ಒಳಗೆ ಇಣುಕಿ, "ಎಂತಕ್ಕೆ ಇದು?" ಎಂದು ಕೇಳಿದರೆ, ಮುಟ್ಟಿನ ಹೊಟ್ಟೆನೋವಿಗೆ ಎಂದು ನೇರವಾಗಿಯೇ ಹೇಳುತ್ತೇವೆ. ಮೊದಮೊದಲು ಕೇಳಿದವರು ಓಡಿಹೋಗುತ್ತಿದ್ದರು. ಈಗ ಒಬ್ಬಿಬ್ಬರು ತಮ್ಮ ಹೆಂಡತಿಗೆ ಎಂದು ಆ ಚೀಲ ಎಲ್ಲಿ ಸಿಗುತ್ತದೆಂದು ವಿಚಾರಿಸಿದ್ದಾರೆ.

ಕಳೆದ ವರ್ಷ ನನ್ನ ಮಗಳು ದೊಡ್ಡವಳಾದಳು. ಅಮ್ಮ ಆಗ ನಮ್ಮ ಮನೆಯಲ್ಲೇ ಇದ್ದಳು. ಮೂರನೆಯ ತಿಂಗಳೋ ನಾಲ್ಕನೆಯದೋ, ಮಗಳು ಶಾಲೆಯಿಂದ ಬಂದವಳು ಹೊಟ್ಟೆ ಹಿಡಿದುಕೊಂಡು ಕೂತಳು. ಅಮ್ಮ ಹೇಳದೆ ಕೇಳದೆ ಅಡುಗೆಮನೆಗೆ ಹೋಗಿ ಉಪ್ಪು ಹುರಿಯತೊಡಗಿದಳು. ನಾನು ಮಗಳಿಗೆ ಎರಡು ದೋಸೆ ತಿನ್ನಿಸಿ, ಅವಳಿಗೆಂದು ಡಾಕ್ಟರು ಮೊದಲೇ ಹೇಳಿದ್ದ ಮಾತ್ರೆ ಕೊಟ್ಟೆ. ಅಮ್ಮ ಉಪ್ಪಿನ ಗಂಟು ತಂದು ಮೊಮ್ಮಗಳ ಹೊಟ್ಟೆಯ ಮೇಲಿಟ್ಟಳು. ಒಂದು ಗಂಟೆಯಲ್ಲಿ ಅವಳು ಎದ್ದು ಹೋಗಿ ಪಕ್ಕದ ಮನೆಯ ಗೆಳತಿಯ ಜೊತೆ ಶಟಲ್ ಆಡುತ್ತಿದ್ದಳು.

ಅಮ್ಮ ಕಿಟಕಿಯಿಂದ ಅದನ್ನೇ ನೋಡುತ್ತ ನಿಂತಿದ್ದಳು. ಅಲ್ಲಿಂದಲೇ ಕೇಳಿದಳು: "ಇಷ್ಟು ಬೇಗ ಕಡ್ಮೆ ಆಗ್ತದಾ?"

"ಎಲ್ಲಾರಿಗೂ ಆಗಲ್ಲಮ್ಮ. ಇವ್ಳಿಗೆ ಆಯ್ತು. ಆಗ್ದೇ ಇದ್ರೆ ಕರ್ಕೊಂಡು ಹೋಗಿ ತೋರ್ಸಣ."

"ನಂಗೂ ನಿನ್ ಹಂಗೇ ಇತ್ತು," ಎಂದಳು.

ನಾನು ತಿರುಗಿ ನೋಡಿದೆ. ಅಮ್ಮನಿಗೂ ನೋವಿದ್ದಿರಬಹುದು ಎಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ. ನಾನು ಕಂಡಂತೆ ಅವಳು ಮಲಗಿದ್ದೇ ಇಲ್ಲ.

"ಮೂರು ದಿನ ಹೊರಗೆ ಕೂರ್ಬೇಕಿತ್ತಲ್ಲ, ಆಗ ಕೊಟ್ಟಿಗೆ ಪಕ್ಕ ಹುಲ್ಲಿನ ಮೇಲೆ ಬಿದ್ಕೊಳ್ತಿದ್ದೆ. ಒಳಗೆ ಕೇಳ್ಬಾರ್ದು ಅಂತ ಸೆರಗು ಕಚ್ಕೊಳ್ತಿದ್ದೆ. ನಿಮ್ಮಜ್ಜಿ ಹೊರಗೆ ಕೂತ್ರೆ ವಿಶ್ರಾಂತಿ ಅಂತಿದ್ರು. ನಂಗೆ ಯಾರು ಉಪ್ಪು ಹುರೀತಾರೆ? ಒಲೆ ಮುಟ್ಟೋ ಹಂಗಿರ್ಲಿಲ್ಲ."

ನಾನು ಅವಳ ಪಕ್ಕ ಹೋಗಿ ನಿಂತೆ.

ಕೆಲವು ದಿನ ಕಳೆದು, ಅಕ್ಕಿ ಆರಿಸುತ್ತ ಕೂತಿದ್ದಾಗ, ಅವಳೇ ಮತ್ತೆ ಮಾತು ತೆಗೆದಳು. "ನಂಗೆ ಈಗ ಆ ಸ್ಕ್ಯಾನ್ ಮಾಡ್ಸಿದ್ರೆ ಎಂತದಾದ್ರೂ ಗೊತ್ತಾಗ್ತದಾ?" ಅವಳಿಗೆ ಅರವತ್ತೆರಡು. ಮುಟ್ಟು ನಿಂತು ಹನ್ನೆರಡು ವರ್ಷವಾಗಿತ್ತು. ಬೇಡವಮ್ಮಾ, ಈಗ ಏನು ಪ್ರಯೋಜನ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಏನೆಂದು ಗೊತ್ತಾಗಲಿ ಎಂದೇ ಅಲ್ಲವೇ ನಾನೂ ಅಷ್ಟು ವರ್ಷ ಹಂಬಲಿಸಿದ್ದು.

ಮುಂದಿನ ಬಾರಿ ನನ್ನ ತಪಾಸಣೆಗೆ ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋದೆ. ಡಾಕ್ಟರು ಸ್ಕ್ಯಾನ್ ಮಾಡಿದರು. "ಈಗ ಏನೂ ಇಲ್ಲ ಅಮ್ಮಾ, ಎಲ್ಲ ಸರಿ ಇದೆ," ಎಂದರು. ಅಮ್ಮನ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ನನಗೆ ಆ ಮುಖದ ಅರ್ಥ ಗೊತ್ತಿತ್ತು. ಡಾಕ್ಟರಿಗೂ ಗೊತ್ತಾಯಿತೋ ಏನೋ, ಪೆನ್ನು ಕೆಳಗಿಟ್ಟು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ಆಗ ಹೇಗಿತ್ತು, ಹೇಳಿ. ನಿಮ್ಮ ಮಗಳಿಗೆ ಇರೋದು ನಿಮಗೂ ಇದ್ದಿರ್ಬಹುದು. ಮನೆತನದಲ್ಲಿ ಬರೋದುಂಟು. ಈಗ ಖಚಿತವಾಗಿ ಹೇಳೋಕಾಗಲ್ಲ. ಆದ್ರೆ ನೀವು ಪಟ್ಟಿದ್ದು ಸುಳ್ಳಲ್ಲ."

ಅಮ್ಮ ಮೊದಲು ಸೀರೆಯ ಅಂಚನ್ನು ತಿರುವಿದಳು. ಆಮೇಲೆ ಶುರು ಮಾಡಿದಳು. ಮೈನೆರೆದ ವರ್ಷದಿಂದ ಹಿಡಿದು, ನಾಟಿ ಗದ್ದೆಯಲ್ಲಿ ಬಗ್ಗಿದವಳಿಗೆ ಏಳಲಾಗದ ದಿನ, ನಡುವೆ ನಿಲ್ಲದೆ ಹೋದ ಎರಡು ಬಸಿರು, ನಾನು ಹುಟ್ಟಿದ್ದು, ಎಲ್ಲ. ಬಾಗಿಲ ಆಚೆ ಕಾಯುತ್ತಿದ್ದವರು ಗೊಣಗುತ್ತಿದ್ದರು. ಹೊರಗೆ ಚೀಟಿ ಬರೆಯುವ ಹುಡುಗಿ ಎರಡು ಸಲ ಇಣುಕಿ ನೋಡಿ ಹೋದಳು. ಡಾಕ್ಟರು ಅಲ್ಲಾಡಲಿಲ್ಲ. ನಾನು ಅಮ್ಮನ ಪಕ್ಕದ ಸ್ಟೂಲಿನಲ್ಲಿ ಕೂತು, ನನ್ನಮ್ಮನ ಬಗ್ಗೆ ನನಗೆ ಗೊತ್ತಿಲ್ಲದ್ದನ್ನೆಲ್ಲ ಮೊದಲ ಬಾರಿಗೆ ಕೇಳುತ್ತಿದ್ದೆ.

ಹೊರಗೆ ಬಂದ ಮೇಲೆ ಎದುರಿನ ಹೋಟೆಲಿಗೆ ಹೋದೆವು. ಅಮ್ಮ ಮಸಾಲೆದೋಸೆ ಬೇಕೆಂದಳು, ಯಾವತ್ತೂ ಬಾಯಿಬಿಟ್ಟು ಇಂಥದ್ದು ಬೇಕು ಎಂದವಳಲ್ಲ. ಪೂರ್ತಿ ತಿಂದು, ಚಟ್ನಿ ಇನ್ನೊಂದು ಸಲ ಹಾಕಿಸಿಕೊಂಡಳು. ಸಾಗರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಆ ದಿನದ ಕಂಡಕ್ಟರ್ ನಮ್ಮ ಡಿಪೋದವನೇ, "ಏನು ಮೇಡಂ, ಇವತ್ತು ಪ್ಯಾಸೆಂಜರ್?" ಎಂದು ನಗುತ್ತ ಟಿಕೆಟ್ ಹರಿದುಕೊಟ್ಟ. ಸೇತುವೆ ದಾಟುವಷ್ಟರಲ್ಲಿ ಅಮ್ಮ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಹೊಸನಗರ ಬರುವವರೆಗೂ ನಾನು ಆ ಭುಜವನ್ನು ಕದಲಿಸಲಿಲ್ಲ.